ಉಗುರು ಪದರು ಪದರಾಗಿ ಏಳುತ್ತಿತ್ತು, ಸರಿಹೋದದ್ದು ಹೀಗೆ

ಎರಡು ವರ್ಷದಿಂದ ಉಗುರಿನ ತುದಿ ಈರುಳ್ಳಿ ಸಿಪ್ಪೆಯಂತೆ ಪದರು ಬಿಡುತ್ತಿತ್ತು. ಹೆಬ್ಬೆರಳಿನ ಉಗುರು ನಡುವೆ ತಗ್ಗಾಗಿ, ಒಂದು ಹನಿ ನೀರು ಬಿಟ್ಟರೆ ಜಾರದೆ ಅಲ್ಲೇ ನಿಲ್ಲುತ್ತಿತ್ತು.

ಕೊಬ್ಬರಿ ಎಣ್ಣೆ, ಗಟ್ಟಿ ಮಾಡುವ ಪಾಲಿಶ್, ಕ್ಯಾಲ್ಸಿಯಂ, ಮೂರು ತಿಂಗಳು ಬಯೋಟಿನ್ (ಒಂದು ಬಿ ವಿಟಮಿನ್) ಮಾತ್ರೆ, ಯಾವುದೂ ಕೆಲಸ ಮಾಡಲಿಲ್ಲ. (ಬಯೋಟಿನ್ ತಗೊಳ್ಳುತ್ತಿದ್ದರೆ ಥೈರಾಯ್ಡ್ ಪರೀಕ್ಷೆಗೆ ಮುಂಚೆ ಡಾಕ್ಟರಿಗೆ ಹೇಳಿ, ಫಲಿತಾಂಶ ತಪ್ಪಾಗಿ ಬರಬಹುದು.) ಹಿಮೋಗ್ಲೋಬಿನ್ 12.1, ಅಂದರೆ ಸರಿಯಾಗೇ ಇದ್ದದ್ದರಿಂದ ರಕ್ತದ ಕಡೆ ಯಾರೂ ನೋಡಲಿಲ್ಲ.

ಉತ್ತರ ಸಿಕ್ಕಿದ್ದು ಫೆರಿಟಿನ್ ಎಂಬ ರಕ್ತಪರೀಕ್ಷೆಯಲ್ಲಿ. ಅದು ದೇಹದ ಕಬ್ಬಿಣಾಂಶದ ದಾಸ್ತಾನು ಹೇಳುತ್ತದೆ. ಹಿಮೋಗ್ಲೋಬಿನ್ ಇಳಿಯುವ ಮೊದಲೇ ದಾಸ್ತಾನು ಬರಿದಾಗುತ್ತದೆ. 15ಕ್ಕಿಂತ ಕಡಿಮೆ ಅಂದರೆ ಕೊರತೆ, ನನ್ನದು 9. ಕೊರತೆಗೆ ಕಾರಣ ಅತಿಯಾದ ಮುಟ್ಟು. ಡಾಕ್ಟರು ಕಬ್ಬಿಣಾಂಶದ ಮಾತ್ರೆ ಬರೆದರು. ಮೊದಲ ತಿಂಗಳು ತಿಂಡಿ, ಫಿಲ್ಟರ್ ಕಾಫಿ ಜೊತೆಗೇ ನುಂಗಿ, ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತದೆ ಅದನ್ನೂ ವ್ಯರ್ಥ ಮಾಡಿಕೊಂಡೆ. ಆಮೇಲೆ ಡಾಕ್ಟರನ್ನೇ ಕೇಳಿ ಕ್ರಮ ಬದಲಾಯಿಸಿದೆ: ದಿನ ಬಿಟ್ಟು ದಿನ ಒಂದು ಮಾತ್ರೆ, ಬೆಳಗ್ಗೆ 6ಕ್ಕೆ ಖಾಲಿ ಹೊಟ್ಟೆಯಲ್ಲಿ, ನಿಂಬೆ ಹಿಂಡಿದ ನೀರಿನ ಜೊತೆ. ಕಾಫಿ 8ರ ನಂತರವೇ. ಹಾಲು ರಾತ್ರಿಗೆ. ಮಲ ಕಪ್ಪಗಾಗುತ್ತದೆ, ಗಾಬರಿ ಬೇಡ. ಪಾತ್ರೆ ತಿಕ್ಕುವಾಗ ರಬ್ಬರ್ ಗ್ಲೌಸ್.

ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಅಷ್ಟೇ ಬೆಳೆಯುವುದು. ಎರಡನೇ ತಿಂಗಳಿಗೆ ಬುಡದಲ್ಲಿ ನಯವಾದ ಪಟ್ಟಿ ಕಂಡಿತು, ಆರನೇ ತಿಂಗಳಿಗೆ ಅದು ತುದಿ ಮುಟ್ಟಿತು. ಫೆರಿಟಿನ್ 41. ಪರೀಕ್ಷೆ ಮಾಡಿಸದೆ ಮಾತ್ರೆ ಶುರು ಮಾಡಬೇಡಿ, ಕಬ್ಬಿಣಾಂಶ ಹೆಚ್ಚಾದರೂ ಅಪಾಯ.