ಕಾರವಾರದಿಂದ ದುಬೈಗೆ, ಇನ್ಸುಲಿನ್ ಚೀಲದ ಜೊತೆ

"ವಿಮಾನದಲ್ಲಿ ಇನ್ಸುಲಿನ್ ಬಿಡ್ತಾರಾ?" ಊರಲ್ಲಿ ಶುಗರ್ ಇರುವವರು ನನ್ನನ್ನು ಮೊದಲು ಕೇಳುವುದು ಇದನ್ನೇ. ಬಿಡುತ್ತಾರೆ. ಸೂಜಿ, ಸಿರಿಂಜ್, ಶುಗರ್ ನೋಡುವ ಮೀಟರ್ ಎಲ್ಲವನ್ನೂ ಬಿಡುತ್ತಾರೆ, ಡಾಕ್ಟರ್ ಚೀಟಿ ಜೊತೆಗಿರಬೇಕು ಅಷ್ಟೇ. ಮಗಳು ದುಬೈನಲ್ಲಿ ಇರುವುದರಿಂದ ನಾನು ಆಗಾಗ ಹೋಗಿ ಬರುತ್ತೇನೆ. ನನಗೆ ಕಂಡಂತೆ, ನಮ್ಮ ಕಡೆಯವರ ಇನ್ಸುಲಿನ್ ಕೆಡುವುದಿದ್ದರೆ ವಿಮಾನದಲ್ಲಿ ಅಲ್ಲ, ವಿಮಾನ ನಿಲ್ದಾಣ ಮುಟ್ಟುವ ದಾರಿಯಲ್ಲಿ.

ನಮ್ಮ ಜಿಲ್ಲೆಯಲ್ಲಿ ಪ್ರಯಾಣಿಕರ ವಿಮಾನ ಬಂದು ಇಳಿಯುವ ಜಾಗವೇ ಇಲ್ಲ ಅಲ್ವಾ? ಕಾರವಾರದವರು ಗೋವಾಕ್ಕೆ ಹೋಗಬೇಕು, ಶಿರಸಿಯವರಿಗೆ ಹುಬ್ಬಳ್ಳಿ, ಭಟ್ಕಳದವರಿಗೆ ಮಂಗಳೂರು. ಗೋವಾದಲ್ಲೂ ಈಗ ಎರಡು ನಿಲ್ದಾಣ. ಟಿಕೆಟ್ ಮೇಲೆ ಜಿಒಐ ಅಂತಿದ್ದರೆ ದಾಬೋಲಿಂ, ಜಿಒಎಕ್ಸ್ ಅಂತಿದ್ದರೆ ಮೋಪಾ. ಮೋಪಾ ಇರುವುದು ಪಣಜಿಗಿಂತಲೂ ಆಚೆ, ಮಹಾರಾಷ್ಟ್ರದ ಗಡಿ ಹತ್ತಿರ. ಅಂದರೆ ಮಾಜಾಳಿ ದಾಟಿ, ಕಾಣಕೋಣದ ಘಟ್ಟ ಹತ್ತಿಳಿದು, ಇಡೀ ಗೋವಾವನ್ನು ಉದ್ದಕ್ಕೆ ಅಳೆಯಬೇಕು. ಮೇಲೆ ಅಂತರರಾಷ್ಟ್ರೀಯ ವಿಮಾನಕ್ಕೆ ಮೂರು ತಾಸು ಮೊದಲೇ ಹೋಗಿ ಕೂರಬೇಕು. ಇಷ್ಟೆಲ್ಲ ಹೊತ್ತು ಔಷಧಿ ಫ್ರಿಜ್‌ನ ಹೊರಗಿರುತ್ತದೆ.

ತೆರೆಯದ ಇನ್ಸುಲಿನ್ ಅನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಬಳಸಲು ಶುರು ಮಾಡಿದ್ದು ಹೊರಗಿದ್ದರೂ ಸುಮಾರು ನಾಲ್ಕು ವಾರ ನಡೆಯುತ್ತದೆ. ಆದರೆ ಸೆಕೆ 25-30 ಡಿಗ್ರಿ ದಾಟಬಾರದು. ಸರಿಯಾದ ಲೆಕ್ಕ ಆಯಾ ಡಬ್ಬಿಯೊಳಗಿನ ಕಾಗದದಲ್ಲೇ ಇರುತ್ತದೆ. ಈಗ ನಮ್ಮ ಏಪ್ರಿಲ್, ಮೇ ತಿಂಗಳನ್ನು ನೆನಪು ಮಾಡಿಕೊಳ್ಳಿ. ನೆರಳಲ್ಲೇ 33-34 ಡಿಗ್ರಿ. ಚಹಾಕ್ಕೆ ಅಂತ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೆ 50 ಆಗುವುದಕ್ಕೆ ಬಹಳ ಹೊತ್ತು ಬೇಡ. ಹಾಗಾಗಿ ಚಹಾಕ್ಕೆ ನಾನು ಇಳಿದರೆ ಔಷಧಿ ಚೀಲವೂ ನನ್ನ ಜೊತೆಗೇ ಇಳಿಯುತ್ತದೆ. ಮನೆಯವರು ನಗುತ್ತಾರೆ, ನಗಲಿ.

ತಂಪಿಗೆ ಅಂತ ನೀರಲ್ಲಿ ನೆನೆಸುವ ಒಂದು ಚೀಲ ಸಿಗುತ್ತದೆ. ಒಳಗಿನ ಹರಳು ನೀರು ಕುಡಿದು ಉಬ್ಬುತ್ತವೆ. ಆ ನೀರು ಆರುತ್ತಾ ಆರುತ್ತಾ ಒಳಗೆ ತಂಪಾಗುತ್ತದೆ, ಮಣ್ಣಿನ ಹೂಜಿಯ ಹಾಗೆ. ತುಂಬಾ ಜನ ಹೊಗಳುತ್ತಾರೆ. ಹುಬ್ಬಳ್ಳಿಯ ಒಣ ಬಿಸಿಲಿಗೆ ಅದು ಸರಿ. ಆದರೆ ನಮ್ಮ ಕರಾವಳಿಯಲ್ಲಿ ಗಾಳಿಯೇ ನೀರು ತುಂಬಿಕೊಂಡಿರುತ್ತದೆ, ಚೀಲದ ನೀರು ಆರುವುದಾದರೂ ಎಲ್ಲಿಗೆ? ಒಗೆದ ಬಟ್ಟೆ ಒಣಗದ ದಿನ ಆ ಚೀಲವನ್ನು ನಂಬಬೇಡಿ.

ನಾನು ಬಳಸುವುದು ಅಗಲ ಬಾಯಿಯ ಸ್ಟೀಲ್ ಫ್ಲಾಸ್ಕ್. ಜೆಲ್ ಪ್ಯಾಕ್ ಅನ್ನು ಹಿಂದಿನ ರಾತ್ರಿ ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿ ಇಡುತ್ತೇನೆ, ಫ್ರೀಜರ್‌ನಲ್ಲಿ ಖಂಡಿತ ಅಲ್ಲ. ಫ್ರೀಜರ್‌ನಿಂದ ತೆಗೆದ ಪ್ಯಾಕ್ ಇನ್ಸುಲಿನ್‌ಗೆ ತಾಗಿದರೆ ಅದನ್ನೂ ಹೆಪ್ಪುಗಟ್ಟಿಸುತ್ತದೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಸರಿ ಕಂಡರೂ ಕೆಲಸಕ್ಕೆ ಬಾರದು, ಎಸೆಯಬೇಕು. ಹಾಗಾಗಿ ಬರೀ ತಣ್ಣಗಾದ ಪ್ಯಾಕ್, ಅದಕ್ಕೆ ಹಳೇ ಪಂಚೆಯ ತುಂಡು ಸುತ್ತಿ, ನಡುವೆ ಔಷಧಿ. ಗೋವಾ ಮುಟ್ಟುವವರೆಗೂ ತಂಪು ಉಳಿಯುತ್ತದೆ.

ಇದೇ ಕಾರಣಕ್ಕೆ ಇನ್ಸುಲಿನ್ ಅನ್ನು ಚೆಕ್-ಇನ್ ಸೂಟ್‌ಕೇಸಿಗೆ ಹಾಕುವಂತಿಲ್ಲ. ವಿಮಾನದ ಹೊಟ್ಟೆಯಲ್ಲಿ ಅದು ಹೆಪ್ಪುಗಟ್ಟಬಹುದು, ಸೂಟ್‌ಕೇಸೇ ಬೇರೆ ಊರಿಗೆ ಹೋಗಲೂಬಹುದು. ಕ್ಯಾಬಿನ್ ಬ್ಯಾಗಿಗೆ ಹಾಕಿದರೂ ಪೂರ್ತಿ ನೆಮ್ಮದಿ ಇಲ್ಲ. ಹುಬ್ಬಳ್ಳಿಗೆ ಬರುವ ಎಟಿಆರ್‌ನಂಥ ಚಿಕ್ಕ ವಿಮಾನಗಳಲ್ಲಿ ತಲೆ ಮೇಲಿನ ಜಾಗ ಕಡಿಮೆ. ಬಾಗಿಲ ಹತ್ತಿರವೇ ಬ್ಯಾಗ್ ಇಸಿದುಕೊಂಡು ಲಗೇಜ್ ಇಡುವ ಕಡೆಗೆ ಹಾಕಿಬಿಡುತ್ತಾರೆ. ಆ ಗಡಿಬಿಡಿಯಲ್ಲಿ ಔಷಧಿ ಹುಡುಕುತ್ತಾ ನಿಲ್ಲಲು ಆಗುತ್ತದಾ? ಅದಕ್ಕೇ ನನ್ನ ಔಷಧಿ ಹೆಗಲಿಗೆ ಹಾಕುವ ಸಣ್ಣ ಚೀಲದಲ್ಲಿ ಬೇರೆಯೇ ಇರುತ್ತದೆ. ಬೇಕಾದ್ದಕ್ಕಿಂತ ಎರಡು ಪಟ್ಟು ಒಯ್ಯುತ್ತೇನೆ, ಅರ್ಧ ಹೆಂಡತಿಯ ಕೈಚೀಲದಲ್ಲಿ.

ಸೆಕ್ಯೂರಿಟಿಯಲ್ಲಿ ಹೆಚ್ಚೇನಿಲ್ಲ. ದ್ರವಕ್ಕೆ 100 ಮಿಲಿ ಮಿತಿ ಅಂತ ಕೇಳಿರುತ್ತೀರಿ. ಪ್ರಯಾಣಕ್ಕೆ ಬೇಕಾದ ಔಷಧಿಗೆ ಅದರಲ್ಲಿ ವಿನಾಯಿತಿ ಇದೆ. ಇನ್ಸುಲಿನ್ ವಯಲ್, ಅಂದರೆ ಸಣ್ಣ ಸೀಸೆ, ಇರುವುದೇ 10 ಮಿಲಿ, ಚುಚ್ಚಿಕೊಳ್ಳುವ ಪೆನ್ನಿನೊಳಗಿನದು 3 ಮಿಲಿ. ಅವರು ತಿರುಗಿಸಿ ನೋಡುವುದು ಜೆಲ್ ಪ್ಯಾಕ್ ಅನ್ನು. ಅವರು ಕೇಳುವ ಮೊದಲೇ "ಇನ್ಸುಲಿನ್ ಇದೆ, ಸೂಜಿ ಇದೆ" ಅಂತ ಹೇಳಿ, ಪಾರದರ್ಶಕ ಚೀಲವನ್ನು ಟ್ರೇಯಲ್ಲಿ ಇಡುತ್ತೇನೆ. ಮಾತ್ರೆಗಳನ್ನು ಬಿಡಿಸಿ ಡಬ್ಬಿಗೆ ಹಾಕುವುದಿಲ್ಲ, ಹೆಸರು ಕಾಣುವ ಹಾಗೆ ಸ್ಟ್ರಿಪ್‌ನಲ್ಲೇ ಇರಲಿ. ಚೀಟಿಯನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ ಸಹಿ ಹಾಕಿಸಿಕೊಳ್ಳಿ. ಅದರಲ್ಲಿ ಔಷಧಿಯ ಮೂಲ ಹೆಸರು ಇರಬೇಕು, ಕಂಪನಿ ಹೆಸರು ಆಚೆ ದೇಶದಲ್ಲಿ ಯಾರಿಗೂ ತಿಳಿಯದು. ನಿಮ್ಮ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಬೇಕು. ಊರಿನ ಡಾಕ್ಟರು ಸಲಿಗೆಯಿಂದ "ಮಾಸ್ತರು" ಅಂತ ಬರೆದುಕೊಟ್ಟ ಚೀಟಿ ಅಲ್ಲಿ ನಡೆಯುವುದಿಲ್ಲ.

ದುಬೈಗೆ ಹೋಗುವವರು ಇನ್ಸುಲಿನ್‌ಗಿಂತ ಜಾಸ್ತಿ ಯೋಚಿಸಬೇಕಾದದ್ದು ಬೇರೆ ಒಂದು ಮಾತ್ರೆ. ಶುಗರ್‌ನಿಂದ ಅಂಗಾಲು ಉರಿಯುತ್ತದೆ ಅಂದರೆ ನಮ್ಮಲ್ಲಿ ಪ್ರಿಗ್ಯಾಬಲಿನ್ ಬರೆದುಕೊಡುವುದು ಸಾಮಾನ್ಯ. ಯುಎಇಯಲ್ಲಿ ಅದು ನಿಯಂತ್ರಿತ ಔಷಧಿ. ಅಲ್ಲಿನ ಸರ್ಕಾರದ ಜಾಲತಾಣದಲ್ಲಿ ಹೊರಡುವ ಮೊದಲೇ ಅರ್ಜಿ ಹಾಕಿ ಅನುಮತಿ ಪಡೆಯಬೇಕು. ಹಾಗೆಯೇ ಗಸಗಸೆ. ಪಾಯಸದ ಆಸೆಗೆ ಒಂದು ಚಿಟಿಕೆ ಕೂಡ ಒಯ್ಯಬೇಡಿ, ಅಲ್ಲಿ ಅದು ಮಾದಕ ವಸ್ತುವಿನ ಲೆಕ್ಕ.

ತಿಂಡಿಯದ್ದೂ ಒಂದು ವಿಚಾರ ಇದೆ. ಸಾಲಿನಲ್ಲಿ ನಿಂತು ನಿಂತು ಊಟದ ಹೊತ್ತು ತಪ್ಪಿದರೆ ಶುಗರ್ ಲೋ ಆಗುತ್ತದೆ. ಬೆವರು, ನಡುಕ ಬಂದಾಗ ಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ 15 ಗ್ರಾಂ ಸಕ್ಕರೆ ಅಂಶ ತಿನ್ನಬೇಕು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಶಿರಸಿ ಕಡೆಯ ನೆಂಟರು ಇದಕ್ಕೆ ಅಂತ ಜೋನಿಬೆಲ್ಲ ಕಟ್ಟಿಕೊಡಲು ಬರುತ್ತಾರೆ. ಜೋನಿಬೆಲ್ಲ ದ್ರವ, ಸೆಕ್ಯೂರಿಟಿಯಲ್ಲೇ ಉಳಿಯುತ್ತದೆ. ಗ್ಲೂಕೋಸ್ ಮಾತ್ರೆ, ಇಲ್ಲವೇ ಗಟ್ಟಿ ಬೆಲ್ಲದ ತುಂಡು ಜೇಬಿನಲ್ಲಿ ಇದ್ದರೆ ಸಾಕು.

ಮನೆಯಲ್ಲಿ ಊಟಕ್ಕೆ ಅರ್ಧ ತಾಸು ಮೊದಲು ಚುಚ್ಚಿಕೊಳ್ಳುತ್ತೇನೆ. ವಿಮಾನ ಪ್ರಯಾಣಕ್ಕೆ ಮಾತ್ರ, ನಮ್ಮ ಡಾಕ್ಟರನ್ನು ಕೇಳಿಕೊಂಡೇ, ಅದನ್ನು ಬದಲಿಸಿದ್ದೇನೆ. ಟ್ರೇ ಎದುರಿಗೆ ಬಂದ ಮೇಲೆಯೇ ಸೂಜಿ. ಅಲುಗಾಟ ಶುರುವಾದರೆ ಊಟದ ಗಾಡಿ ಅರ್ಧ ದಾರಿಯಲ್ಲಿ ವಾಪಸು ಹೋಗುತ್ತದೆ, ಹೊಟ್ಟೆಯೊಳಗಿನ ಇನ್ಸುಲಿನ್ ವಾಪಸು ಹೋಗುವುದಿಲ್ಲ. ಪೆನ್ ಬಳಸುವವರು ಸೂಜಿ ಕೂರಿಸಿಯೇ ಇಡಬೇಡಿ, ಒತ್ತಡ ಬದಲಾದಾಗ ಗಾಳಿಗುಳ್ಳೆ ಬರುತ್ತದೆ. ಹಾಕಿಕೊಳ್ಳುವ ಮೊದಲು 2 ಯೂನಿಟ್ (ಇನ್ಸುಲಿನ್ ಅಳೆಯುವ ಲೆಕ್ಕ) ಹೊರಗೆ ಬಿಟ್ಟು ನೋಡಿ. ದುಬೈ ನಮಗಿಂತ ಒಂದೂವರೆ ತಾಸು ಹಿಂದೆ ಅಷ್ಟೇ, ನನಗೆ ಅದರಿಂದ ತೊಂದರೆಯಾಗಿಲ್ಲ. ಅಮೆರಿಕಕ್ಕೆ ಹೋಗುವವರು ಮಾತ್ರ ಡೋಸ್ ಸಮಯವನ್ನು ಡಾಕ್ಟರ ಹತ್ತಿರ ಬರೆಸಿಕೊಂಡೇ ಹೊರಡಿ.

ಇನ್ನು ನನ್ನ ಹಾಗೆ ವಯಲ್ ಮತ್ತು ಸಿರಿಂಜ್ ಬಳಸುವವರಿಗೆ. ನಮ್ಮಲ್ಲಿ ಸಿಗುವ ವಯಲ್ ಸಾಮಾನ್ಯವಾಗಿ ಮಿಲಿಗೆ 40 ಯೂನಿಟ್‌ನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಹೊರದೇಶಗಳಲ್ಲಿ ಹೆಚ್ಚಾಗಿ ಸಿಗುವುದು 100 ಯೂನಿಟ್‌ನದು. ಅಲ್ಲಿ ಕೊಂಡ ವಯಲ್‌ನಿಂದ ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ 20ರ ಗೆರೆವರೆಗೆ ಎಳೆದರೆ ಬರುವುದು ಅರ್ಧ ಮಿಲಿ. ಅದರಲ್ಲಿ ಇರುವುದು 20 ಅಲ್ಲ, 50 ಯೂನಿಟ್! ಹಾಗಾಗಿ ಅಲ್ಲಿ ಇನ್ಸುಲಿನ್ ಕೊಳ್ಳುವ ಪ್ರಸಂಗ ಬಂದರೆ ಕಿತ್ತಳೆ ಮುಚ್ಚಳದ 100ರ ಸಿರಿಂಜ್ ಅನ್ನೂ ಅದೇ ಅಂಗಡಿಯಲ್ಲಿ ಕೊಳ್ಳಬೇಕು. ಊರಿಂದ ತಂದ ಕೆಂಪು ಮುಚ್ಚಳದವನ್ನು ಬೇರೆ ಚೀಲಕ್ಕೆ ಹಾಕಿ ಸೂಟ್‌ಕೇಸಿನ ತಳಕ್ಕೆ ತಳ್ಳಿಬಿಡಿ.