ವಾರಕ್ಕೆ ನಾಲ್ಕೈದು ಪುಟ: ಗುರುಗಳ ಮಾರ್ಗದರ್ಶನದಲ್ಲಿ ಉನ್ನತ ಗಣಿತದ ಓದು

ರಾಯಚೂರು, ಕೊಪ್ಪಳ, ಬಳ್ಳಾರಿಯ ಕಾಲೇಜುಗಳಲ್ಲಿ ಗಣಿತ ಓದುತ್ತ, ಪರೀಕ್ಷೆಯ ಪಠ್ಯವನ್ನು ದಾಟಿ ಮುಂದೆ ಹೋಗಬೇಕೆನ್ನುವ ವಿದ್ಯಾರ್ಥಿ ಮೊದಲು ಮಾಡಬೇಕಾದದ್ದು, ವಾರಕ್ಕೊಂದು ಗಂಟೆ ತನ್ನ ಮಾತು ಕೇಳಲು ಒಪ್ಪುವ ಒಬ್ಬ ಅಧ್ಯಾಪಕರನ್ನು ಹುಡುಕಿಕೊಳ್ಳುವುದು. ಅವರು ಪಾಠ ಮಾಡಬೇಕಾಗಿಲ್ಲ. ನೀವು ಓದಿದ್ದನ್ನು ವಿವರಿಸುವಾಗ ಎಲ್ಲಿ ಎಡವಿದಿರಿ ಎಂದು ಗುರುತಿಸಿದರೆ ಸಾಕು. ಪುಸ್ತಕ ಯಾವುದೆಂಬುದನ್ನು ಅವರೇ ತೀರ್ಮಾನಿಸಲಿ, ಒಮ್ಮೆ ಹಿಡಿದದ್ದನ್ನು ನಡುವೆ ಬದಲಿಸಬೇಡಿ.

ವಾರಕ್ಕೆ ನಾಲ್ಕೈದು ಪುಟ ಸಾಕು. ಪ್ರಮೇಯವನ್ನು ಓದಿದ ಮೇಲೆ ಪುಸ್ತಕ ಮುಚ್ಚಿ, ಸಾಧನೆಯನ್ನು ನೀವೇ ಬರೆಯಲು ಪ್ರಯತ್ನಿಸಿ. ಆಮೇಲೆ ಅದರ ವಿಲೋಮವೂ, ಅಂದರೆ ತಿರುಗಿಸಿ ಹೇಳಿದ ಮಾತೂ, ನಿಜವೇ ಎಂದು ಕೇಳಿಕೊಳ್ಳಿ. ಒಂದಾದ ಮೇಲೊಂದು ಮಾಡಿದರೂ, ಹಿಂದಕ್ಕೆ ತಿರುಗಿಸಿದರೂ ತಮ್ಮೊಳಗೇ ಉಳಿಯುವ ಕ್ರಿಯೆಗಳ ಸಮೂಹವನ್ನು ಗ್ರೂಪ್ ಎಂದೂ, ಅದರೊಳಗಿನ ಅಂಥದೇ ಸಮೂಹವನ್ನು ಸಬ್‌ಗ್ರೂಪ್ ಎಂದೂ ಕರೆಯೋಣ. ಪರಿಮಿತ ಗ್ರೂಪಿನ ಸಬ್‌ಗ್ರೂಪಿನಲ್ಲಿರುವ ಅಂಶಗಳ ಸಂಖ್ಯೆ ಇಡೀ ಗ್ರೂಪಿನ ಅಂಶಗಳ ಸಂಖ್ಯೆಯನ್ನು ಭಾಗಿಸುತ್ತದೆ ಎನ್ನುವುದು ಲಗ್ರಾಂಜ್ ಪ್ರಮೇಯ. ಹಾಗಾದರೆ ಪ್ರತಿ ಭಾಜಕಕ್ಕೂ ಒಂದು ಸಬ್‌ಗ್ರೂಪ್ ಇರಲೇಬೇಕೆ? ನಾಲ್ಕು ವಸ್ತುಗಳ ಸಮ ಕ್ರಮಯೋಜನೆಗಳ (ಎರಡೆರಡು ವಸ್ತುಗಳನ್ನು ಸಮ ಸಂಖ್ಯೆಯ ಬಾರಿ ಅದಲುಬದಲು ಮಾಡಿ ಪಡೆಯುವ ಮರುಜೋಡಣೆಗಳ) ಗ್ರೂಪಿನಲ್ಲಿ 12 ಅಂಶಗಳಿದ್ದರೂ 6 ಅಂಶಗಳ ಸಬ್‌ಗ್ರೂಪ್ ಇಲ್ಲ. ಇದ್ದಿದ್ದರೆ, ಅದು ಗ್ರೂಪಿನ ಸರಿಯಾಗಿ ಅರ್ಧವಾದ್ದರಿಂದ, ಪ್ರತಿ ಅಂಶದ ವರ್ಗವೂ (ಅದನ್ನೇ ಎರಡು ಬಾರಿ ಮಾಡಿದರೆ ಬರುವುದು) ಅದರೊಳಗೆ ಬರಬೇಕಾಗುತ್ತಿತ್ತು. ಮೂರು ವಸ್ತುಗಳನ್ನು ಸುತ್ತಿಸುವ ಪ್ರತಿಯೊಂದು ಚಕ್ರವೂ ಅಂಥದೇ ಇನ್ನೊಂದರ ವರ್ಗವಾಗಿದೆ, ಮತ್ತು ಅಂಥ ಚಕ್ರಗಳು 8 ಇವೆ. ಆರರ ಜಾಗದಲ್ಲಿ ಎಂಟು ಹಿಡಿಸುವುದಿಲ್ಲ. ಈ ಹನ್ನೆರಡನ್ನೂ ಕೈಯಾರೆ ಬರೆದು ನೋಡಿದ ವಿದ್ಯಾರ್ಥಿಗೆ ಆಗುವ ಸಂತೋಷ, ಅದನ್ನು ಬರಿದೇ ಓದಿದವನಿಗೆ ಸಿಗಲಾರದು.

ಗುರುಗಳ ಮುಂದೆ ನೋಟ್ಸ್ ಇಲ್ಲದೆ ಬೋರ್ಡಿನ ಮೇಲೆ ಬರೆಯಿರಿ, ಮತ್ತು ಸಂಕೋಚವಿಲ್ಲದೆ ಕನ್ನಡದಲ್ಲೇ ವಿವರಿಸಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇದನ್ನು ಕೊರತೆಯೆಂದು ಭಾವಿಸುತ್ತಾರೆ. ನನಗೆ ಅದು ದೊಡ್ಡ ಅನುಕೂಲವೆಂದೇ ಕಾಣುತ್ತದೆ. ಎಪ್ಸಿಲಾನ್ (ಫಂಕ್ಷನ್ನಿನ ಬೆಲೆಯಲ್ಲಿ ಒಪ್ಪಬಹುದಾದ ವ್ಯತ್ಯಾಸ) ಕೊಟ್ಟ ಮೇಲೆ ಪ್ರತಿ ಬಿಂದುವಿಗೂ ಒಂದೊಂದು ಡೆಲ್ಟಾ (ಅದಕ್ಕಾಗಿ ಬಿಂದುವಿನಿಂದ ಎಷ್ಟು ದೂರ ಸರಿಯಬಹುದೆಂಬ ಮಿತಿ) ಸಿಕ್ಕರೆ ಅದು ಕಂಟಿನ್ಯುಯಿಟಿ, ಎಲ್ಲ ಬಿಂದುಗಳಿಗೂ ಒಂದೇ ಡೆಲ್ಟಾ ಸಾಕಾದರೆ ಯೂನಿಫಾರ್ಮ್ ಕಂಟಿನ್ಯುಯಿಟಿ. ಹಲವರನ್ನು ತಿಂಗಳುಗಟ್ಟಲೆ ಕಾಡುವ ವ್ಯತ್ಯಾಸವು ಇಲ್ಲಿ ‘ಒಂದೊಂದು’, ‘ಒಂದೇ’ ಎಂಬ ಎರಡು ಪದಗಳಲ್ಲಿ ಸ್ಪಷ್ಟವಾಗುತ್ತದೆ.

ಭೇಟಿಗೆ ಹೋಗುವಾಗ ‘ಅರ್ಥವಾಗಲಿಲ್ಲ’ ಎಂದಷ್ಟೇ ಹೇಳದೆ, ಯಾವ ಸಾಲಿನಿಂದ ಯಾವ ಸಾಲಿಗೆ ಹೋಗಲು ಆಗಲಿಲ್ಲ ಎಂಬುದನ್ನು ಬರೆದುಕೊಂಡು ಹೋಗಿ. ಎರಡು ವಾರ ಕಳೆದರೂ ಬಿಡಿಸಲಾಗದ ಲೆಕ್ಕಕ್ಕೆ ಗುರುತು ಹಾಕಿ ಮುಂದೆ ಸಾಗಿ, ಅಧ್ಯಾಯ ಮುಗಿದ ಮೇಲೆ ಮರಳಿ ಬನ್ನಿ. ನಮ್ಮ ಭಾಗದ ಬೇಸಿಗೆಯಲ್ಲಿ ಮಧ್ಯಾಹ್ನ ತಲೆ ಓಡುವುದು ಕಷ್ಟ. ಹೊಸ ಸಾಧನೆಗಳನ್ನು ಬಿಸಿಲೇರುವ ಮೊದಲೇ ಓದಿಕೊಂಡು, ಬರೆದಿದ್ದನ್ನು ತಿದ್ದುವ ಕೆಲಸವನ್ನು ಸಂಜೆಗೆ ಇಟ್ಟುಕೊಳ್ಳಿ.