ಪಿಂಚಣಿ ನಿಂತಿದೆಯಾ? ದುಡ್ಡು ಯಾವ ಖಾತೆಗೆ ಹೋಗ್ತಿದೆ ನೋಡಿ

ನಮ್ಮ ಅಣ್ಣನ ಬಲಗಾಲಿಗೆ ಪೋಲಿಯೊ. ಅವನ ಅಂಗವಿಕಲ ಪಿಂಚಣಿ ಎಷ್ಟೋ ವರ್ಷ ಮನಿ ಆರ್ಡರಿನಲ್ಲೇ ಬರುತ್ತಿತ್ತು. ಪೋಸ್ಟ್‌ಮನ್ ಜಗಲಿಯ ಮೇಲೆ ಕೂತು, ಸಹಿ ಹಾಕಿಸಿಕೊಂಡು, ನೋಟು ಎಣಿಸಿ ಕೊಡುತ್ತಿದ್ದರು. ಈಗ ಕಾಗದದ ಸರ್ಟಿಫಿಕೇಟ್ ಹೋಗಿ ಯುಡಿಐಡಿ (ದೇಶಕ್ಕೆಲ್ಲ ಒಂದೇ ಆದ ಅಂಗವಿಕಲರ ಗುರುತಿನ) ಕಾರ್ಡ್ ಬಂದಿದೆ, ಮನಿ ಆರ್ಡರ್ ಹೋಗಿ ಡಿಬಿಟಿ, ಅಂದರೆ ನೇರ ಬ್ಯಾಂಕ್ ಖಾತೆಗೆ ದುಡ್ಡು ಹಾಕುವುದು, ಬಂದಿದೆ. ಹಳೆಯದರಿಂದ ಹೊಸದಕ್ಕೆ ಬರುವಾಗ ಮನೆಯವರದ್ದು, ಬೀದಿಯವರದ್ದು ಅಂತ ಹತ್ತಾರು ಅರ್ಜಿ ತುಂಬಿಸಿದ್ದೇನೆ. ಜನ ಎಡವುವುದು ಬ್ಯಾಂಕಿನಲ್ಲಿ, ಜಗಳ ಆಡುವುದು ನಾಡಕಚೇರಿಯಲ್ಲಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

1. ಹೆಸರು ನೋಡಿ

ಆಧಾರ್, ಹಳೆ ಸರ್ಟಿಫಿಕೇಟ್, ಪಾಸ್‌ಬುಕ್, ಪಿಂಚಣಿ ಮಂಜೂರಾದ ಆದೇಶದ ಪ್ರತಿ, ರೇಷನ್ ಕಾರ್ಡ್. ಇಷ್ಟನ್ನೂ ಮೇಜಿನ ಮೇಲೆ ಹರಡಿ. ಹೆಸರು, ಇನಿಶಿಯಲ್, ಹುಟ್ಟಿದ ತಾರೀಕು ಒಂದೊಂದೇ ಓದಿ. ಒಂದರಲ್ಲಿ ಇನಿಶಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಅಪ್ಪನ ಹೆಸರು ಪೂರ್ತಿ. ಇದು ನಮ್ಮಲ್ಲಿ ಮನೆಮನೆ ಕಥೆ. ಆಧಾರ್ ತಪ್ಪಿದ್ದರೆ ಮೊದಲು ಅದನ್ನೇ ಸರಿ ಮಾಡಿಸಿ, ಉಳಿದದ್ದನ್ನು ಆಮೇಲೆ ಅದಕ್ಕೆ ಹೊಂದಿಸಿ. ಹಿಂದುಮುಂದಾದರೆ ಎಲ್ಲ ಎರಡೆರಡು ಸಲ ಮಾಡಬೇಕಾಗುತ್ತದೆ.

ಆಧಾರ್‌ಗೆ ನಿಮ್ಮದೇ ಮೊಬೈಲ್ ನಂಬರ್ ಕೊಡಿ. ಊರಲ್ಲಿಲ್ಲದ ಮಗನ ನಂಬರ್ ಕೊಟ್ಟರೆ ಪ್ರತಿ ಓಟಿಪಿಗೂ ಅವನ ಡ್ಯೂಟಿ ಮುಗಿಯುವವರೆಗೆ ಕಾಯುತ್ತಾ ಕೂರಬೇಕು. ಬೆರಳಿಲ್ಲದವರು, ಬೆರಳಚ್ಚು ಬಾರದವರು ಆಧಾರ್ ಸಿಗಲ್ಲ ಅಂತ ವಾಪಸ್ ಬರಬೇಡಿ. ಅವರಿಗಾಗಿ ಬಯೋಮೆಟ್ರಿಕ್ ವಿನಾಯಿತಿ ಇದೆ, ಆ ಮಾತನ್ನೇ ಹೇಳಿ ಕೇಳಿ.

2. ಯುಡಿಐಡಿ ಅರ್ಜಿ

ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಶುಲ್ಕ ಇಲ್ಲ. 2021ರ ಜೂನ್ 1ರಿಂದ ಅಂಗವಿಕಲತೆಯ ಸರ್ಟಿಫಿಕೇಟ್ ಕೊಡುವುದೇ ಈ ಪೋರ್ಟಲ್ ಮೂಲಕ, ಹಾಗಾಗಿ ಬೇರೆ ದಾರಿ ಹುಡುಕಬೇಡಿ. ಹಳೆ ಸರ್ಟಿಫಿಕೇಟ್ ಇದ್ದರೆ ಅದನ್ನು ಸ್ಕ್ಯಾನ್ ಮಾಡಿ ಏರಿಸಿ.

ಮೊಬೈಲಿನ ಪುಕ್ಕಟೆ ಸ್ಕ್ಯಾನ್ ಆಪ್‌ಗಳನ್ನು ಮಾತ್ರ ನಂಬಬೇಡಿ. ಪುಟದ ಕೆಳಗೆ ತಮ್ಮ ಹೆಸರು ಒತ್ತುತ್ತವೆ, ಅದೂ ಸರಿಯಾಗಿ ಡಾಕ್ಟರ ಸೀಲ್ ಇರುವ ಜಾಗದ ಮೇಲೆ. ಜೆರಾಕ್ಸ್ ಅಂಗಡಿಯ ಸ್ಕ್ಯಾನರೇ ವಾಸಿ. ಹಳೆ ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಬೇಡವೇ ಬೇಡ. ಅಣ್ಣನ 1999ರ ಸರ್ಟಿಫಿಕೇಟನ್ನು ಅಪ್ಪ ಪ್ರೀತಿಯಿಂದ ಲ್ಯಾಮಿನೇಟ್ ಮಾಡಿಸಿದ್ದರು. ನೇರಳೆ ಸೀಲ್ ಕರಗಿ ಬರೀ ಒಂದು ಉಂಗುರ ಉಳಿದಿದೆ, ಒಳಗಿನ ಅಕ್ಷರ ಯಾವ ಭೂತಗನ್ನಡಿಗೂ ಕಾಣಲ್ಲ.

ಅರ್ಜಿ ಹಾಕಿದ ಕೂಡಲೇ ಒಂದು ನೋಂದಣಿ ಸಂಖ್ಯೆ ಬರುತ್ತದೆ. ಅದು ಯುಡಿಐಡಿ ಸಂಖ್ಯೆ ಅಲ್ಲ! ನಡುವೆ ಓರೆಗೆರೆ ಇರುವುದು ನೋಂದಣಿ ಸಂಖ್ಯೆ. ರಾಜ್ಯದ ಎರಡಕ್ಷರದಿಂದ ಶುರುವಾಗುವ 18 ಅಕ್ಷರ-ಅಂಕಿಗಳದ್ದು ಯುಡಿಐಡಿ. ಮೊದಲನೆಯದನ್ನೇ ಎಲ್ಲ ಕಡೆ ಬರೆದುಕೊಟ್ಟು ತಿಂಗಳುಗಟ್ಟಲೆ ಕಾದವರನ್ನು ಕಂಡಿದ್ದೇನೆ.

3. ಆಸ್ಪತ್ರೆ

ಅರ್ಜಿ ನೋಡಿ ತಪಾಸಣೆಗೆ ಕರೆದ ದಿನ ಹೋಗಿ, ಹಳೆಯ ಎಕ್ಸ್‌ರೇ, ಡಿಸ್ಚಾರ್ಜ್ ಚೀಟಿ ಎಲ್ಲ ಒಯ್ಯಿರಿ. ಕಿವಿ ಕೇಳದವರು ಆಡಿಯೋಗ್ರಾಮ್ (ಕಿವಿ ಪರೀಕ್ಷೆಯ ವರದಿ) ಮರೆಯಬೇಡಿ.

ಅಂಗವಿಕಲತೆಯ ಶೇಕಡಾವಾರು ಕಡಿಮೆ ಆಗಿಬಿಟ್ಟರೆ ಏನು ಗತಿ ಅನ್ನುವ ಭಯ ಎಲ್ಲರಿಗೂ ಇದೆ. ಸುಳ್ಳು ಭಯ ಅಲ್ಲ. ಹಳೆ ಸರ್ಟಿಫಿಕೇಟ್‌ಗಳು 2001ರ ಅಥವಾ ಅದಕ್ಕೂ ಹಿಂದಿನ ಅಳತೆಯಲ್ಲಿ ಆದವು. ಆಮೇಲೆ 2018ರಲ್ಲಿ ಒಮ್ಮೆ, 2024ರಲ್ಲಿ ಮತ್ತೊಮ್ಮೆ ಅಳೆಯುವ ಕ್ರಮ ಬದಲಾಗಿದೆ. ಅಣ್ಣನಿಗೆ 60 ಇದ್ದದ್ದು 55 ಆಯಿತು. ಅವನು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಆದರೆ ಪಿಂಚಣಿಗೆ ಮುಖ್ಯ ಗಡಿಗಳು ಎರಡೇ, 40 ಮತ್ತು 75. ನಡುವೆ ಎಲ್ಲಿದ್ದರೂ ತಿಂಗಳಿಗೆ ಅದೇ ₹800. 75 ದಾಟಿದರೆ ಮೊತ್ತ ಜಾಸ್ತಿ. ನೀವು ಗಡಿಯ ಹತ್ತಿರ ಇದ್ದರೆ ಮಾತ್ರ ದಾಖಲೆ ಗಟ್ಟಿ ಮಾಡಿಕೊಂಡು ಹೋಗಿ. ಇನ್ನೊಂದು ವಿಷಯ, 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವಿಕಲತೆ ಇತ್ತು, 2016ರ ಕಾಯ್ದೆಯಲ್ಲಿ 21 ಇವೆ. ಹಿಂದೆ ನಿಮ್ಮ ತೊಂದರೆ ಪಟ್ಟಿಯಲ್ಲಿಲ್ಲ ಅಂತ ವಾಪಸ್ ಕಳಿಸಿದ್ದರೆ ಈಗ ಮತ್ತೆ ಕೇಳಿ. ತಲಸೇಮಿಯಾ, ಪಾರ್ಕಿನ್ಸನ್ ಕೂಡ ಈಗ ಅದರಲ್ಲಿವೆ.

ಕಾರ್ಡಿನ ಬಣ್ಣ ನೋಡಿ ಗಾಬರಿ ಬೇಡ. ಶೇ 40ಕ್ಕಿಂತ ಕಡಿಮೆಗೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲಕ್ಕೆ ನೀಲಿ. ಸೈಬರ್ ಅಂಗಡಿಯಲ್ಲಿ ಹೊಳೆಯುವ ಪ್ಲಾಸ್ಟಿಕ್ ಕಾರ್ಡ್ ಪ್ರಿಂಟ್ ಮಾಡಿಕೊಡುತ್ತೇವೆ ಅಂದರೆ ಆ ದುಡ್ಡಿನಲ್ಲಿ ಮಸಾಲೆ ದೋಸೆ ತಿನ್ನಿ. ಪೋರ್ಟಲ್‌ನಿಂದ ಇಳಿಸಿಕೊಂಡ ಪ್ರತಿ ಸಾಕು.

4. ನಾಡಕಚೇರಿ

ಪಿಂಚಣಿ ದಾಖಲೆಗೆ ಹೊಸ ಕಾರ್ಡ್ ಸೇರಿಸಲು ಹಳೆ ಪಿಂಚಣಿ ಆದೇಶದ ಪ್ರತಿ, ಹೊಸ ಕಾರ್ಡ್, ಆಧಾರ್ ಜೆರಾಕ್ಸ್ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಬಾಯಿಮಾತಿಗೆ ಬೆಲೆ ಇಲ್ಲ. ಓಡಾಡಲು ಆಗದವರು ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿಆರ್‌ಡಬ್ಲ್ಯೂ, ಯಾರು ಅಂತ ವಿಚಾರಿಸಿ.

5. ಬ್ಯಾಂಕ್

ಈಗ ಬಂದೆವು ನೋಡಿ.

ಬ್ಯಾಂಕಿಗೆ ಹೋಗಿ 'ಆಧಾರ್ ಲಿಂಕ್ ಆಗಿದೆಯಾ' ಅಂತ ಕೇಳಿದರೆ ಕೌಂಟರಿನಲ್ಲಿ ಇರುವವರು ಕಂಪ್ಯೂಟರ್ ನೋಡಿ 'ಆಗಿದೆ' ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ನೀವು ಕೇಳಿದ ಪ್ರಶ್ನೆಯೇ ತಪ್ಪು. ಖಾತೆ ತೆರೆಯುವಾಗ ಕೆವೈಸಿಗೆ (ಗುರುತು ಖಚಿತಪಡಿಸಲು) ಅಂತ ಆಧಾರ್ ಸೇರಿಸುವುದು ಒಂದು. ಸರ್ಕಾರದ ದುಡ್ಡು ಇದೇ ಖಾತೆಗೆ ಬರಲಿ ಅಂತ, ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಸಂಸ್ಥೆಯಾದ ಎನ್‌ಪಿಸಿಐ ಪಟ್ಟಿಯಲ್ಲಿ ಸೇರಿಸುವುದು ಇನ್ನೊಂದು. ಮೊದಲನೆಯದನ್ನು ಎಷ್ಟು ಖಾತೆಗೆ ಬೇಕಾದರೂ ಮಾಡಬಹುದು. ಎರಡನೆಯದು ಒಂದು ಆಧಾರ್‌ಗೆ ಒಂದೇ ಬ್ಯಾಂಕ್, ಅದೂ ಕೊನೆಗೆ ಯಾರು ಸೇರಿಸಿದರೋ ಅವರದ್ದು. ಡಿಬಿಟಿ ದುಡ್ಡು ಆ ಪಟ್ಟಿ ನೋಡಿಕೊಂಡು ಹೋಗುತ್ತದೆ, ನೀವು ನಾಡಕಚೇರಿಗೆ ಕೊಟ್ಟ ಪಾಸ್‌ಬುಕ್ ಜೆರಾಕ್ಸ್ ನೋಡಿಕೊಂಡಲ್ಲ. ಹಾಗಾಗಿ ಕೇಳಬೇಕಾದ ಮಾತು: 'ಎನ್‌ಪಿಸಿಐ ಮ್ಯಾಪಿಂಗ್ ನಿಮ್ಮ ಬ್ಯಾಂಕಿಗೇ ಇದೆಯಾ?'

ನಮ್ಮ ಬೀದಿಯ ಕೊನೇ ಮನೆಯವರ ಕಥೆ ಕೇಳಿ. ಕಣ್ಣು ಸರಿಯಾಗಿ ಕಾಣಲ್ಲ, ಒಬ್ಬರೇ ಇರುತ್ತಾರೆ. ಏಳು ತಿಂಗಳು ಪಿಂಚಣಿ ಇಲ್ಲ. ನಾಡಕಚೇರಿಗೆ ನಾಲ್ಕು ಸಲ ಹೋಗಿ ಬಂದರು, ಪ್ರತಿ ಸಲ ಆಟೋಗೆ ಹೋಗಿ ಬರಲು ₹160. ಅಲ್ಲಿ 'ದುಡ್ಡು ಹೋಗಿದೆ' ಅಂದರು, ಬ್ಯಾಂಕಿನಲ್ಲಿ 'ಬಂದಿಲ್ಲ' ಅಂದರು. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಸಂತೆಯಲ್ಲಿ ಯಾವುದೋ ಬ್ಯಾಂಕಿನವರು ಒಂದು ಸ್ಟಾಲ್ ಹಾಕಿಕೊಂಡು, ಟಿಫಿನ್ ಡಬ್ಬಿ ಪುಕ್ಕಟೆ ಅಂತ ಬೆರಳು ಒತ್ತಿಸಿ ಖಾತೆ ತೆರೆಸಿದ್ದರಂತೆ. ಮ್ಯಾಪಿಂಗ್ ಅಲ್ಲಿಗೆ ಹಾರಿತ್ತು. ಪಾಸ್‌ಬುಕ್ಕೇ ಇಲ್ಲದ ಖಾತೆಯಲ್ಲಿ ₹5,600 ಸುಮ್ನೆ ಕೂತಿತ್ತು. ಡಬ್ಬಿಯ ಮುಚ್ಚಳವೂ ಗಟ್ಟಿಯಾಗಿ ಕೂರುತ್ತಿರಲಿಲ್ಲ.

ಹಾಗಾಗಿ ಬ್ಯಾಂಕಿಗೆ ಹೋಗುವ ಮುಂಚೆ ಮನೆಯಲ್ಲೇ ನೋಡಿಕೊಳ್ಳಿ. ಮೈಆಧಾರ್ ಪೋರ್ಟಲ್‌ಗೆ ಓಟಿಪಿ ಹಾಕಿ ಒಳಗೆ ಹೋದರೆ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಅಂತ ಇದೆ (ಸೀಡಿಂಗ್ ಅಂದರೂ ಇದೇ ಜೋಡಣೆ). ಒತ್ತಿದರೆ ಯಾವ ಬ್ಯಾಂಕ್, ಚಾಲ್ತಿಯಲ್ಲಿದೆಯಾ ಇಲ್ಲವಾ ಅನ್ನುವುದು ಬರುತ್ತದೆ. ಅದರ ಪ್ರಿಂಟ್ ತೆಗೆದು ಜೇಬಲ್ಲಿಟ್ಟುಕೊಂಡು ಹೋಗಿ. ಕಾಗದ ಮುಂದಿಟ್ಟರೆ ಮಾತಿನ ಧಾಟಿಯೇ ಬದಲಾಗುತ್ತದೆ, ನಾನು ನೋಡಿದ್ದೇನೆ.

ಬೇರೆ ಬ್ಯಾಂಕಿನ ಹೆಸರು ಬಂದರೆ ಎರಡು ದಾರಿ. ಆ ಖಾತೆ ನಿಮಗೆ ಅನುಕೂಲ ಅನ್ನಿಸಿದರೆ ಅದರ ಪಾಸ್‌ಬುಕ್ ಮಾಡಿಸಿ ಅಲ್ಲೇ ಇರಲಿ ಬಿಡಿ. ಬೇಡ ಅಂದರೆ ನಿಮಗೆ ಬೇಕಾದ ಬ್ಯಾಂಕಿಗೆ ಹೋಗಿ ಆಧಾರ್ ಸೀಡಿಂಗ್ ಒಪ್ಪಿಗೆ ಫಾರಂ ಕೇಳಿ. ಈ ಫಾರಂನಲ್ಲಿ ಒಂದು ಕಡೆ 'ಮೊದಲು ಇಂಥ ಬ್ಯಾಂಕಿನಲ್ಲಿ ಇತ್ತು, ಅಲ್ಲಿಂದ ಇಲ್ಲಿಗೆ ಬದಲಿಸಿ' ಅಂತ ಹಳೆ ಬ್ಯಾಂಕಿನ ಹೆಸರು ಬರೆಯುವ ಜಾಗ ಇರುತ್ತದೆ. ಹತ್ತರಲ್ಲಿ ಎಂಟು ಜನ ಅದನ್ನು ಖಾಲಿ ಬಿಡುತ್ತಾರೆ. ತುಂಬಿ. ಫಾರಂನ ಜೆರಾಕ್ಸ್ ಮೇಲೆ ಬ್ಯಾಂಕಿನ ಸೀಲ್, ತಾರೀಕು ಹಾಕಿಸಿಕೊಳ್ಳಿ. ಎನ್‌ಪಿಸಿಐ ವೆಬ್‌ಸೈಟಿನಲ್ಲೇ ಮನೆಯಿಂದ ಬದಲಿಸುವ ವ್ಯವಸ್ಥೆಯೂ ಇದೆ, ಆದರೆ ಎಲ್ಲ ಬ್ಯಾಂಕೂ ಅದರಲ್ಲಿಲ್ಲ. ಒಂದು ವಾರ ಬಿಟ್ಟು ಮೈಆಧಾರ್‌ನಲ್ಲಿ ಮತ್ತೆ ನೋಡಿ. ಹೆಸರು ಬದಲಾಗಿಲ್ಲ ಅಂದರೆ ಸೀಲ್ ಹಾಕಿದ ಜೆರಾಕ್ಸ್ ಹಿಡಿದು ಮತ್ತೆ ಹೋಗಿ.

ಯಾವ ಖಾತೆ ಒಳ್ಳೆಯದು ಅಂತ ಕೇಳಿದರೆ, ನಡೆಯಲು ಕಷ್ಟ ಇರುವವರಿಗೆ ನಾನು ಹೇಳುವುದು ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್. ಪೋಸ್ಟ್‌ಮನ್ ಮನೆಗೇ ಮೆಷಿನ್ ತಂದು ದುಡ್ಡು ಕೊಡುತ್ತಾರೆ, ಹಳೆ ಮನಿ ಆರ್ಡರಿನ ಸುಖ ಸ್ವಲ್ಪವಾದರೂ ಉಳಿಯುತ್ತದೆ. ಬೆರಳಚ್ಚು ಬಾರದವರಿಗೆ ಮಾತ್ರ ಹತ್ತಿರದ ಬ್ಯಾಂಕ್ ಶಾಖೆಯೇ ಸರಿ. ಹದಿನೆಂಟು ದಾಟಿದ, ಬುದ್ಧಿಮಾಂದ್ಯತೆ ಅಥವಾ ಆಟಿಸಂ ಇರುವ ಮಕ್ಕಳ ಖಾತೆ ನೀವು ನಡೆಸಬೇಕಾದರೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಪಾಲಕತ್ವದ ಸರ್ಟಿಫಿಕೇಟ್ ಸಿಗುತ್ತದೆ. ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿ ಅದನ್ನು ಕೊಡುತ್ತದೆ. ಅಮ್ಮ ಅಂದ ಮಾತ್ರಕ್ಕೆ ಬ್ಯಾಂಕ್ ಒಪ್ಪಲ್ಲ.

6. ಬಂತಾ?

ಡಿಬಿಟಿ ಕರ್ನಾಟಕ ಅನ್ನುವ ಸರ್ಕಾರಿ ಆಪ್ ಇದೆ. ಆಧಾರ್ ಓಟಿಪಿ ಹಾಕಿದರೆ ಯಾವ ಯೋಜನೆಯ ದುಡ್ಡು, ಯಾವ ದಿನ, ಯಾವ ಬ್ಯಾಂಕಿಗೆ ಅಂತ ಕಾಣುತ್ತದೆ. ಬ್ಯಾಂಕ್ ಎಸ್‌ಎಂಎಸ್‌ಗಿಂತ ಇದೇ ಮೇಲು. ಅದೇ ಹೆಸರಿನ ಹತ್ತಿರತ್ತಿರ ಹೋಗುವ, ಜಾಹೀರಾತು ತುಂಬಿದ ಖಾಸಗಿ ಆಪ್‌ಗಳಿಗೆ ಆಧಾರ್ ನಂಬರ್ ಕೊಡಬೇಡಿ.

ಬೀದಿ ಕೊನೆಯ ಮನೆಯವರಿಗೆ ದುಡ್ಡು ಸಿಕ್ಕಿತು. ಮೊನ್ನೆ ಸಂತೆಗೆ ಹೊರಟಿದ್ದರು. 'ಯಾರು ಬೆರಳು ಕೇಳಿದ್ರೂ ಕೊಡಲ್ಲಮ್ಮ, ಜೇಬಲ್ಲೇ ಇಟ್ಕೊಂಡಿರ್ತೀನಿ' ಅಂದರು.